ದಪ್ಪ ಪಾದದ ಅಕ್ಷರ ತೆಳ್ಳಗಾದ ಕತೆ

1807ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಸೌಥಿ ಸ್ಪೇನಿನ ಪ್ರವಾಸಿಯೊಬ್ಬನ ವೇಷ ತೊಟ್ಟು ಇಂಗ್ಲೆಂಡಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಲಂಡನ್ನಿನ ಜನರ ಹೊಸ ಹೊಸ ಹುಚ್ಚುಗಳನ್ನು ಗೇಲಿ ಮಾಡುತ್ತಾ ಹೋದವನು ಅಂಗಡಿ ಬೋರ್ಡುಗಳನ್ನೂ ಬಿಡಲಿಲ್ಲ. ಆಗ ಊರಿಗೆಲ್ಲ ಈಜಿಪ್ಟಿನ ಗೀಳು. ಬೋರ್ಡು ಬರೆಯುವವರು ಕೂಡ ‘ಈಜಿಪ್ಶಿಯನ್’ ಅಕ್ಷರ ಬರೆಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಅವು ದಿನನಿತ್ಯದ ರೋಮನ್ ಅಕ್ಷರಗಳೇ. ತೆಳ್ಳಗಿರಬೇಕಾದ ಗೆರೆಗಳನ್ನೂ ಉಳಿದವುಗಳಷ್ಟೇ ದಪ್ಪ ಮಾಡಿಟ್ಟಿದ್ದರು, ಅಷ್ಟೆ. ಸೌಥಿಯ ಕಣ್ಣಿಗೆ ಅವು ಆನೆಕಾಲು ರೋಗ ಹತ್ತಿದ ಅಕ್ಷರಗಳಂತೆ ಕಂಡವು.

ಅದೇ ಗೀಳಿನ ಕಾಲದಲ್ಲಿ ಹುಟ್ಟಿದ ಅಕ್ಷರವಂಶದ ಒಂದು ಕುಡಿ 2014ರಲ್ಲಿ ವೆಸ್ ಆ್ಯಂಡರ್ಸನ್‌ನ ‘ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ ಚಿತ್ರದಲ್ಲಿ ಹೆಸರುಗಳ ಪಟ್ಟಿಯಾಗಿ ತೆರೆಯ ಮೇಲೆ ಬಂತು. ನಾಜೂಕಾದ ಗೆರೆ, ಒಪ್ಪವಾದ ಪಾದ. ಆನೆಕಾಲಿನ ಗುರುತೇ ಇಲ್ಲ. ಇನ್ನೂರು ವರ್ಷಗಳಲ್ಲಿ ಸ್ಲ್ಯಾಬ್ ಸೆರಿಫ್ ಎಂಬ ಈ ಜಾತಿಯ ಅಕ್ಷರ ಇಷ್ಟು ತೆಳ್ಳಗಾದದ್ದು ಹೇಗೆ? ಕಲಾವಿದರ ಸೂಕ್ಷ್ಮ ಅಭಿರುಚಿಯಿಂದ ಎಂದು ಹೇಳಿಬಿಡುವುದು ಸುಲಭ. ಆದರೆ ಅದರ ಬಹುಪಾಲು ಕೀರ್ತಿ ಸಲ್ಲಬೇಕಾದದ್ದು ಯಂತ್ರಗಳಿಗೆ: ಟೈಪ್‌ರೈಟರಿಗೆ, ಫೋಟೊ ತೆಗೆದು ಅಕ್ಷರ ಜೋಡಿಸುವ ಯಂತ್ರಕ್ಕೆ, ಕೊನೆಗೆ ಕಂಪ್ಯೂಟರಿಗೆ.

ರೋಮನ್ ಅಕ್ಷರದಲ್ಲಿ ಗೆರೆ ಮುಗಿಯುವ ಕಡೆ, ತಲೆಗೋ ಬುಡಕ್ಕೋ, ಒಂದು ಪುಟ್ಟ ಅಡ್ಡಪಟ್ಟಿ ಇರುತ್ತದಲ್ಲ, ಅದು ಸೆರಿಫ್. ಇಂಗ್ಲಿಷ್ ಪತ್ರಿಕೆಗಳಲ್ಲಿ ಕಾಣುವ ಟೈಮ್ಸ್ ರೋಮನ್ ತರಹದ ಅಕ್ಷರಗಳಲ್ಲಿ ಅದು ಚೂಪಾಗಿ ಸವೆದು ಮುಗಿಯುತ್ತದೆ. ಸ್ಲ್ಯಾಬ್ ಸೆರಿಫ್‌ನಲ್ಲಿ ಹಾಗಲ್ಲ. ಪಾದ ಚಪ್ಪಡಿ ಇಟ್ಟ ಹಾಗೆ ಚೌಕಾಗಿ ನಿಲ್ಲುತ್ತದೆ, ಹೆಚ್ಚುಕಡಿಮೆ ಕಂಬದಷ್ಟೇ ದಪ್ಪ. ಕನ್ನಡದಲ್ಲಿ ಇದಕ್ಕೆ ಸಾಟಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ತಲೆಕಟ್ಟು ಅಕ್ಷರದ ಅಂಗವೇ ಆಗಿದೆ. ಅದನ್ನು ತೆಗೆದರೆ ಅಕ್ಷರವೇ ಕೆಡುತ್ತದೆ. ಸೆರಿಫ್ ಕಿತ್ತು ಹಾಕಿದರೂ ಇಂಗ್ಲಿಷಿನ ‘ಟಿ’ ಟಿಯಾಗಿಯೇ ಉಳಿಯುತ್ತದೆ.

ಈಜಿಪ್ಟಿಗೂ ಈ ಪಾದಕ್ಕೂ ನಿಜವಾದ ಸಂಬಂಧ ಏನೂ ಇಲ್ಲ. 1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆಗೆ ವಿದ್ವಾಂಸರ ದಂಡನ್ನೂ ಕಟ್ಟಿಕೊಂಡು ನೈಲ್ ದಂಡೆಗೆ ಹೋದ. ಮರುವರ್ಷ ರೊಸೆಟ್ಟಾ ಶಾಸನ ಸಿಕ್ಕಿತು. ಯುದ್ಧದಲ್ಲಿ ಗೆದ್ದ ಇಂಗ್ಲಿಷರು ಅದನ್ನು ಹೊತ್ತು ತಂದು 1802ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇಟ್ಟರು. ಅಲ್ಲಿಂದ ಶುರುವಾಯಿತು ನೋಡಿ. ಕುರ್ಚಿಯ ಕಾಲಿಗೆ ಸಿಂಹನಾರಿ, ಮನೆಯ ಮುಂಬಾಗಿಲಿಗೆ ಪಿರಮಿಡ್ಡಿನ ಇಳಿಜಾರು. ಪಿಕಡಿಲಿಯಲ್ಲಿ 1812ರಲ್ಲಿ ‘ಈಜಿಪ್ಶಿಯನ್ ಹಾಲ್’ ಎಂಬ ಕಟ್ಟಡವೇ ಎದ್ದಿತು. ದಪ್ಪಗೆ, ಭಾರಿಯಾಗಿ, ಹಳೆಯ ಕಾಲದ್ದೆಂಬಂತೆ ಕಾಣುವುದಕ್ಕೆಲ್ಲ ಆ ದೇಶದ ಹೆಸರು ಅಂಟಿಕೊಂಡಿತು. ತಮಾಷೆಯೆಂದರೆ, 1816ರ ಸುಮಾರಿಗೆ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ‘ಈಜಿಪ್ಶಿಯನ್’ ಎಂದು ಕರೆದು ಮಾರಾಟಕ್ಕಿಟ್ಟ ಅಚ್ಚುಮೊಳೆಗೆ ಪಾದವೇ ಇರಲಿಲ್ಲ! ಅದು ಇವತ್ತಿನ ಸ್ಯಾನ್ಸ್ ಸೆರಿಫ್‌ಗಳ ಅಜ್ಜ.

ಪಾದವಿರುವ ಮೊಳೆಯನ್ನು ಮೊದಲು ತೋರಿಸಿದವನು ವಿನ್ಸೆಂಟ್ ಫಿಗಿನ್ಸ್. ಲಂಡನ್ನಿನ ಜೋಸೆಫ್ ಜಾಕ್ಸನ್ ಎಂಬವನ ಕೈಕೆಳಗೆ ಕೆಲಸ ಕಲಿತು, ಆತ ತೀರಿಕೊಂಡ ಮೇಲೆ ಮೊಳೆ ಎರಕ ಹೊಯ್ಯುವ ಅವನ ಫೌಂಡ್ರಿಯನ್ನು ಕೊಳ್ಳುವಷ್ಟು ಹಣವಿಲ್ಲದೆ ತನ್ನದೇ ಸಣ್ಣ ಫೌಂಡ್ರಿ ತೆರೆದವನು. ಈಸ್ಟ್ ಇಂಡಿಯಾ ಕಂಪನಿಗಾಗಿ ತೆಲುಗು ಮೊಳೆಗಳನ್ನೂ ಮಾಡಿಕೊಟ್ಟಿದ್ದ. ಆತನ ಮಾದರಿ ಪುಸ್ತಕದ ಮೇಲೆ 1815 ಎಂದು ಅಚ್ಚಾಗಿದ್ದರೂ, ಚಪ್ಪಡಿ ಪಾದದ ಪುಟಗಳು 1817ರ ಸುಮಾರಿನವು ಎಂದು ಸಂಶೋಧಕರು ಹೇಳುತ್ತಾರೆ. ಮೊಳೆಗೆ ಅವನು ಇಟ್ಟ ಹೆಸರು ‘ಆ್ಯಂಟಿಕ್’. ಬರೀ ದೊಡ್ಡಕ್ಷರಗಳು. ಕರ್ರಗೆ, ಗಿಡ್ಡಗೆ, ಒತ್ತೊತ್ತಾಗಿ ಕೂತಿದ್ದವು. ಎರಡು ಪಾದಗಳ ನಡುವೆ ಬೆಳಕು ನುಸುಳಲೂ ಜಾಗ ಕಡಿಮೆ. ಅದೇ 1817ರಲ್ಲಿ ಬಂಗಾಳದ ಸೇರಾಂಪುರದ ಮಿಷನ್ ಪ್ರೆಸ್ಸಿನಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗುತ್ತಿತ್ತು. ಕನ್ನಡ ಆಗತಾನೇ ಮೊಳೆ ಕಾಣುತ್ತಿದ್ದಾಗ ಲಂಡನ್ನಿನವರಿಗೆ ಮುನ್ನೂರು ವರ್ಷದ ಹಳೆಯ ಮೊಳೆಗಳು ಸಾಕಾಗಿ, ಹೊಸದಕ್ಕೆ ಹಪಹಪಿ ಹತ್ತಿತ್ತು.

ಹಪಹಪಿಗೆ ಕಾರಣ ಪುಸ್ತಕವಲ್ಲ, ಗೋಡೆ. ನಾಟಕದ ಭಿತ್ತಿಪತ್ರ, ಹರಾಜಿನ ನೋಟೀಸು, ಔಷಧದ ಜಾಹೀರಾತು ಒಂದರ ಮೇಲೊಂದು ಅಂಟುತ್ತಿದ್ದ ಗೋಡೆ. ಎಲ್ಲಕ್ಕಿಂತ ಜೋರು ಸರಕಾರಿ ಲಾಟರಿಯ ಚೀಟಿಗಳು. ದಾರಿಹೋಕನ ಕಣ್ಣು ಪಕ್ಕದ ಕಾಗದಕ್ಕೆ ಹಾರುವ ಮುಂಚೆ ಹಿಡಿದು ನಿಲ್ಲಿಸಬೇಕು. ಪುಸ್ತಕದ ಮೊಳೆಯನ್ನೇ ಹಿಗ್ಗಿಸಿದರೆ ಆ ಕೆಲಸ ಆಗುವುದಿಲ್ಲ. ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಥಾರ್ನ್ ಮೊದಲು ಕಂಬಗಳನ್ನು ಉಬ್ಬಿಸಿ ‘ಫ್ಯಾಟ್ ಫೇಸ್’ ಮಾಡಿದ. ಆಮೇಲೆ ಪಾದವನ್ನೂ ಉಬ್ಬಿಸಿದ ಮೊಳೆಗಳು ಬಂದವು. 1820ರಲ್ಲಿ ಥಾರ್ನ್ ಸತ್ತಾಗ ಫೌಂಡ್ರಿ ಹರಾಜಿಗೆ ಬಂತು. ಕೊಂಡವನು ವಿಲಿಯಂ ಥೊರೊಗುಡ್, ಮೊಳೆಯ ಕಸುಬಿಗೆ ಪೂರಾ ಹೊಸಬ. ಅವನಿಗೆ ಹಣ ಬಂದದ್ದು ಲಾಟರಿಯಲ್ಲಿ ಎಂದು ಕಸುಬಿನವರು ಹೇಳಿಕೊಂಡು ಬಂದಿದ್ದಾರೆ. ಲಾಟರಿ ಚೀಟಿ ಅಚ್ಚುಹಾಕಲು ಮೊಳೆ ಮಾಡುತ್ತಿದ್ದ ಫೌಂಡ್ರಿಯನ್ನು ಲಾಟರಿ ಹೊಡೆದವನೇ ಕೊಂಡ! 1821ರ ಅವನ ಮಾದರಿ ಪುಸ್ತಕದಲ್ಲಿ ಥಾರ್ನ್ ಬಿಟ್ಟುಹೋದ ಚಪ್ಪಡಿ ಪಾದದ ಮೊಳೆಗಳು ‘ಈಜಿಪ್ಶಿಯನ್’ ಎಂಬ ಹೆಸರಿನಲ್ಲೇ ಇದ್ದವು. ಹೆಸರು ಗಟ್ಟಿಯಾಗಿ ನಿಂತದ್ದು ಅಲ್ಲಿಂದ.

ಹಳಬರಿಗೆ ಇದು ಹಿಡಿಸಲಿಲ್ಲ. 1825ರಲ್ಲಿ ಮುದ್ರಕ ಥಾಮಸ್ ಹ್ಯಾನ್ಸರ್ಡ್ ತನ್ನ ‘ಟೈಪೊಗ್ರಾಫಿಯಾ’ದಲ್ಲಿ ಈ ಹೊಸ ಮೊಳೆಗಳನ್ನೆಲ್ಲ ಕಸುಬಿಗೆ ಬಂದ ವಿಕಾರಗಳು ಎಂದು ಝಾಡಿಸಿದ. 1826ರಲ್ಲಿ ಸರಕಾರಿ ಲಾಟರಿ ನಿಂತಿತು. ಅಕ್ಷರ ಮಾತ್ರ ನಿಲ್ಲಲಿಲ್ಲ.

1845ರಲ್ಲಿ ಅದೇ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ, ಕೆತ್ತನೆಗಾರ ಬೆಂಜಮಿನ್ ಫಾಕ್ಸ್ ಕೈಯಲ್ಲಿ ಸ್ವಲ್ಪ ಮೃದುವಾದ ಒಂದು ಮೊಳೆ ಮಾಡಿಸಿದ. ಪಾದ ಕಂಬಕ್ಕೆ ಸೇರುವಲ್ಲಿ ಸಣ್ಣ ಬಾಗು, ದಪ್ಪ–ತೆಳುವಿನ ನಡುವೆ ಕೊಂಚ ಅಂತರ. ಹೆಸರು ‘ಕ್ಲಾರೆಂಡನ್’. ವಿನ್ಯಾಸಗಳ ಹಕ್ಕಿನ ಹೊಸ ಕಾನೂನಿನ ಕೆಳಗೆ ಅದನ್ನು ನೋಂದಾಯಿಸಿದ. ಸಿಕ್ಕ ರಕ್ಷಣೆ ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಉಳಿದ ಫೌಂಡ್ರಿಗಳು ನಕಲು ಮಾಡಲು ಮುಗಿಬಿದ್ದವು. ಬೆಸ್ಲಿ ಕೂಗಾಡಿದ, ಪ್ರಯೋಜನವಾಗಲಿಲ್ಲ. ಆದರೆ ಮನುಷ್ಯ ಸೋಲಲಿಲ್ಲ. 1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಕ್ಲಾರೆಂಡನ್ ಅಕ್ಷರಕ್ಕೂ ಮರ್ಯಾದೆಯ ಕೆಲಸ ಸಿಕ್ಕಿತು: ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಪ್ರತಿ ನಮೂದಿನ ತಲೆಪದ ಅದರಲ್ಲೇ ಅಚ್ಚಾಯಿತು.

ಅಮೆರಿಕದಲ್ಲಿ ಸ್ಲ್ಯಾಬ್ ಇನ್ನೂ ದಪ್ಪಗಾಯಿತು. ಅಡಿ ಎತ್ತರದ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ತೂಕ ಹೊರುವವರಾರು? 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಲ್ಲಿ ಕೊರೆಯಲು ಶುರುಮಾಡಿದ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೊಗ್ರಾಫ್ ಜೋಡಿಸಿದ. ಒಂದೇ ಮಾದರಿಯಿಂದ ಉದ್ದ, ಗಿಡ್ಡ, ಅಗಲ, ಇರುಕು, ಹೇಗೆ ಬೇಕಾದರೂ ಅಕ್ಷರ ತೆಗೆಯಬಹುದಾಯಿತು. ಕೌಬಾಯ್ ಸಿನಿಮಾಗಳಲ್ಲಿ ಮರಕ್ಕೆ ಹೊಡೆದ ‘ವಾಂಟೆಡ್’ ಕಾಗದದ ಮೇಲೆ ಕಾಣುವ, ಕಂಬಕ್ಕಿಂತ ಪಾದವೇ ದಪ್ಪಗಿರುವ ಅಕ್ಷರ ಈ ಮರದ ಕೆಲಸದ ಫಲ. ವಿಸ್ಕಾನ್ಸಿನ್ನಿನ ಟೂ ರಿವರ್ಸ್ ಊರಿನಲ್ಲಿ 1880ರಲ್ಲಿ ಆರಂಭವಾದ ಹ್ಯಾಮಿಲ್ಟನ್ ಕಂಪನಿ ಪ್ರತಿಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ನುಂಗಿ ಈ ವ್ಯಾಪಾರದ ಯಜಮಾನನಾಯಿತು. ಆ ಊರಿನಲ್ಲಿ ಈಗ ಮರದ ಮೊಳೆಗಳ ಮ್ಯೂಸಿಯಂ ಇದೆ.

ತೆಳು ಸ್ಲ್ಯಾಬ್ ಬಂದದ್ದು ಗೋಡೆಯಿಂದಲ್ಲ, ಕಚೇರಿಯ ಮೇಜಿನಿಂದ.

ಕ್ರಿಸ್ಟೊಫರ್ ಶೋಲ್ಸ್‌ನ ಟೈಪ್‌ರೈಟರ್ 1874ರಲ್ಲಿ ಮಾರುಕಟ್ಟೆಗೆ ಬಂತು. ಮಾಡಿದವರು ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿಯವರು. ಮೊದಲ ಯಂತ್ರ ಹೊಡೆಯುತ್ತಿದ್ದುದು ದೊಡ್ಡಕ್ಷರ ಮಾತ್ರ. 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ, ಸಣ್ಣಕ್ಷರ ಬಂದವು. ಯಂತ್ರದ ಒಂದು ಹಟ ಮಾತ್ರ ಹಾಗೆಯೇ ಉಳಿಯಿತು. ಯಾವ ಕೀಲಿ ಒತ್ತಿದರೂ ಗಾಡಿ ಸರಿಯುವುದು ಒಂದೇ ಅಳತೆ: ಪೈಕಾ ಯಂತ್ರದಲ್ಲಿ ಇಂಚಿಗೆ ಹತ್ತು ಅಕ್ಷರ, ಎಲೀಟ್ ಯಂತ್ರದಲ್ಲಿ ಹನ್ನೆರಡು. ‘ಎಂ’ಗೂ ಅಷ್ಟೇ ಜಾಗ, ‘ಐ’ಗೂ ಅಷ್ಟೇ ಜಾಗ. ‘ಎಂ’ ಮೂರು ಕಂಬಗಳನ್ನು ಇರುಕಿಕೊಂಡು ಹೇಗೋ ಕೂರುತ್ತದೆ. ಒಂಟಿ ಕಂಬದ ‘ಐ’ ಏನು ಮಾಡಬೇಕು? ಎರಡೂ ಕಡೆ ಖಾಲಿ ಬಿಟ್ಟರೆ ಪದದ ನಡುವೆ ಹಲ್ಲು ಬಿದ್ದಂತೆ ಕಾಣುತ್ತದೆ. ಅದಕ್ಕೆ ಅದರ ಬುಡದಲ್ಲಿ ಎಡಬಲಕ್ಕೆ ಉದ್ದನೆಯ ಪಟ್ಟಿ ಎಳೆದರು. ‘ಎಲ್’ಗೂ ಹಾಗೇ, ‘ಜೆ’ಗೂ ಹಾಗೇ. ಪಟ್ಟಿ ಜಾಗ ತುಂಬಿತು, ಸಾಲು ಸಮನಾಯಿತು. ಭಿತ್ತಿಪತ್ರದಲ್ಲಿ ಗಮನ ಸೆಳೆಯಲು ಬಂದ ಪಾದಕ್ಕೆ ಇಲ್ಲಿ ಮೊದಲ ಸಲ ನಿಜವಾದ ದುಡಿಮೆ ಸಿಕ್ಕಿತು.

ಗೆರೆ ತೆಳ್ಳಗಾಗಲೇಬೇಕಿತ್ತು. ಅಷ್ಟು ಸಣ್ಣ ಚೌಕದಲ್ಲಿ ‘ಎಂ’ ಹಿಡಿಸಬೇಕಾದರೆ ದಪ್ಪ ಗೆರೆಗೆ ಜಾಗವಿಲ್ಲ. ಮೇಲಾಗಿ ಅಕ್ಷರ ಬೀಳುವುದು ಶಾಯಿಯ ಬಟ್ಟೆ ರಿಬ್ಬನ್ನಿನ ಮೂಲಕ. ಲೋಹದಲ್ಲಿ ಕೊರೆದ ಗೆರೆಗಿಂತ ಕಾಗದದ ಮೇಲೆ ಮೂಡುವ ಗೆರೆ ಯಾವಾಗಲೂ ಅಗಲ. ಶಾಯಿ ಹರಡುವ ಲೆಕ್ಕ ಹಿಡಿದು ಲೋಹದ ಗೆರೆಯನ್ನು ಬೇಕೆಂದೇ ಸಣಕಲು ಮಾಡುತ್ತಿದ್ದರು. ಎಲ್ಲ ಕಡೆ ಒಂದೇ ದಪ್ಪದ ತೆಳು ಗೆರೆ, ಚೌಕು ಪಾದ: ತೆಳು ಸ್ಲ್ಯಾಬ್‌ನ ಲಕ್ಷಣವೆಲ್ಲ ಇಲ್ಲೇ ಇದೆ. ಇದನ್ನು ಯಾರೂ ‘ಸೊಗಸು’ ಎಂದು ಕರೆಯಲಿಲ್ಲ, ಅಷ್ಟೆ.

ಕರ್ನಾಟಕದ ಜನ ಸ್ಲ್ಯಾಬ್ ಸೆರಿಫನ್ನು ಹೆಚ್ಚಾಗಿ ನೋಡಿದ್ದೂ ಹೀಗೆಯೇ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಗಿನ ಬ್ಯಾಚಿಗೆ ಸೇರಿ ‘ಎ ಎಸ್ ಡಿ ಎಫ್’ ಕುಟ್ಟಿ, ಜೂನಿಯರ್ ಸೀನಿಯರ್ ಪಾಸು ಮಾಡಿಕೊಂಡರೆ ಎಲ್ಲಾದರೂ ಒಂದು ಗುಮಾಸ್ತಿಕೆ ಸಿಗುತ್ತದೆಂಬ ನಂಬಿಕೆಯ ಕಾಲವೊಂದಿತ್ತು. ಕೋರ್ಟಿನ ಆವರಣದಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡವರು ಅಫಿಡವಿಟ್ಟು, ಕ್ರಯಪತ್ರ ಹೊಡೆದುಕೊಡುತ್ತಿದ್ದುದೂ ಇದೇ ಅಕ್ಷರದಲ್ಲಿ. ಗೋದ್ರೇಜ್ ಕಂಪನಿ 1955ರಲ್ಲಿ ಭಾರತದ್ದೇ ಟೈಪ್‌ರೈಟರ್ ಹೊರತಂದ ಮೇಲೆ ರೆಮಿಂಗ್ಟನ್ ಪಕ್ಕದಲ್ಲಿ ಅದೂ ಕೂತಿತು. ಇಂಚಿಗೆ ಹತ್ತರ ಹಟ ಕನ್ನಡಕ್ಕೆ ಇನ್ನೂ ಕಷ್ಟ ಕೊಟ್ಟಿತು. ಗುಣಿತ, ಒತ್ತಕ್ಷರ ಎಲ್ಲವನ್ನೂ ಅದೇ ಕೀಲಿಗಳಲ್ಲಿ ಹೊಂದಿಸಿ ಕನ್ನಡ ಕೀಲಿಮಣೆ ಮಾಡಿದ ಕೀರ್ತಿ ಕೆ. ಅನಂತಸುಬ್ಬರಾಯರದು. ಹಳೆಯ ಸರಕಾರಿ ಕಡತ ಬಿಚ್ಚಿ ಇಂಗ್ಲಿಷ್ ಹಾಳೆಯೊಂದನ್ನು ಬೆಳಕಿಗೆ ಹಿಡಿಯಿರಿ. ಜೋರು ಬೆರಳಿನ ಟೈಪಿಸ್ಟ್ ಆಗಿದ್ದರೆ ‘ಓ’ ಇದ್ದಲ್ಲೆಲ್ಲ ಹಾಳೆ ದುಂಡಗೆ ಕತ್ತರಿಸಿದಂತಿರುತ್ತದೆ. ಆ ತೂತಿನ ಅಂಚು ಎಷ್ಟು ಸಣ್ಣದೋ ಲೋಹದ ಗೆರೆಯೂ ಅಷ್ಟೇ ಸಣ್ಣದು.

ಅಕ್ಷರ ವಿನ್ಯಾಸಕಾರರು ಸ್ಲ್ಯಾಬ್ ಕಡೆ ಮತ್ತೆ ತಿರುಗಿದ್ದು 1929ರ ಸುಮಾರಿಗೆ, ಜರ್ಮನಿಯಲ್ಲಿ. ಎರಡು ವರ್ಷ ಮುಂಚೆ ಪಾಲ್ ರೆನ್ನರ್‌ನ ‘ಫ್ಯೂಚುರಾ’ ಬಂದಿತ್ತು. ಕೈವಾರದಲ್ಲಿ ಎಳೆದಂಥ ವೃತ್ತ, ಅಳತೆಪಟ್ಟಿಯ ಗೆರೆ. ಅದಕ್ಕೆ ಪಾದ ಕಟ್ಟಿದರೆ ಹೇಗೆ ಕಾಣುತ್ತದೋ ಹಾಗಿತ್ತು ಫ್ರಾಂಕ್‌ಫರ್ಟಿನ ಸ್ಟೆಂಪಲ್ ಫೌಂಡ್ರಿಗೆ ರುಡಾಲ್ಫ್ ವುಲ್ಫ್ ಮಾಡಿಕೊಟ್ಟ ‘ಮೆಂಫಿಸ್’. ಮತ್ತೆ ಈಜಿಪ್ಟಿನ ಹೆಸರೇ ಬಂತು. ಆಮೇಲೆ ಸಾಲುಗಟ್ಟಿ ಬಂದವು: ಶಿಕಾಗೊದ ಲಡ್ಲೊ ಕಂಪನಿಯ ‘ಕಾರ್ನಾಕ್’, ಇಂಟರ್‌ಟೈಪ್‌ನ ‘ಕೈರೊ’, ಅಮೆರಿಕನ್ ಟೈಪ್ ಫೌಂಡರ್ಸ್‌ಗೆ ಮೋರಿಸ್ ಫುಲ್ಲರ್ ಬೆಂಟನ್ ಮಾಡಿದ ‘ಸ್ಟೈಮಿ’, 1934ರಲ್ಲಿ ಮೊನೊಟೈಪ್‌ನ ‘ರಾಕ್‌ವೆಲ್’. ಜರ್ಮನ್ನನಾದ ಹೈನ್ರಿಖ್ ಯೋಸ್ಟ್ ಮಾತ್ರ ಪಿರಮಿಡ್ಡಿನ ಕಡೆ ನೋಡದೆ ತನ್ನ ಅಕ್ಷರಕ್ಕೆ ‘ಬೆಟಾನ್’, ಅಂದರೆ ಕಾಂಕ್ರೀಟ್, ಎಂದು ಹೆಸರಿಟ್ಟ. ಕಾರ್ನಾಕ್ ಹೆಸರು ಈಗಲೂ ಬದುಕಿದೆ. ನ್ಯೂಯಾರ್ಕ್ ಟೈಮ್ಸ್‌ನ ‘ವರ್ಡಲ್’ ಆಟದ ತಲೆಬರಹ ಅದರ ವಂಶದ್ದು.

ಇವುಗಳಲ್ಲಿ ಮುಖ್ಯವಾದದ್ದು ಹೆಸರಲ್ಲ, ಪ್ರತಿಯೊಂದರ ಜೊತೆಗೂ ಬಂದ ‘ಲೈಟ್’ ಎಂಬ ತೆಳು ರೂಪ. ಹಿಂದಿನ ಶತಮಾನದವರು ಸ್ಲ್ಯಾಬ್ ಅನ್ನು ಬೊಗಸೆ ತುಂಬ ಕಪ್ಪು ಹಾಕಲೆಂದೇ ಕೊಳ್ಳುತ್ತಿದ್ದರು. ಈಗ ಒಂದೇ ಅಸ್ಥಿಪಂಜರವನ್ನು ತೆಳು, ಮಧ್ಯಮ, ದಪ್ಪ ಎಂದು ಕುಟುಂಬವಾಗಿ ಮಾಡುವ ಪದ್ಧತಿ ಬಂತು. ಮೆಂಫಿಸ್ ಲೈಟ್‌ನಲ್ಲಿ ಜಾಹೀರಾತಿನ ಶೀರ್ಷಿಕೆ ಹಾಕಿದರೆ ಟೈಪ್‌ರೈಟರಿನ ಬಡ ಅಕ್ಷರ ಹೊಸ ಬಟ್ಟೆ ತೊಟ್ಟು ಬಂದಂತೆ ಕಾಣುತ್ತಿತ್ತು. ಬೆಂಟನ್ನನ ತಂದೆ ಲಿನ್ ಬಾಯ್ಡ್ ಬೆಂಟನ್ ಕಂಡುಹಿಡಿದ ಕೊರೆಯುವ ಯಂತ್ರ ಈ ಕೆಲಸವನ್ನು ಸುಲಭ ಮಾಡಿತ್ತು. ಆದರೂ ಸೀಸಕ್ಕೆ ಸೀಸದ್ದೇ ಮಿತಿ. ತೀರಾ ತೆಳ್ಳಗಿನ ಗೆರೆ ಅಚ್ಚಿನ ಒತ್ತಡಕ್ಕೆ ಮುರಿಯುತ್ತದೆ, ಇಲ್ಲವೇ ಸವೆಯುತ್ತದೆ. ಕೂದಲೆಳೆಯ ಸ್ಲ್ಯಾಬ್ ಇನ್ನೂ ಆಗದ ಮಾತಾಗಿತ್ತು.

ಇಲ್ಲಿ ಐಬಿಎಂ ಕಂಪನಿಯ ಬಗ್ಗೆ ಎರಡು ಮಾತು ಹೇಳಲೇಬೇಕು. 1947ರ ಅದರ ಲಾಂಛನ ಬೆಟಾನ್ ಬೋಲ್ಡ್‌ನಲ್ಲಿತ್ತು. 1956ರಲ್ಲಿ ಪಾಲ್ ರ‍್ಯಾಂಡ್ ಅದನ್ನು ಬದಲಿಸುವಾಗಲೂ ಆರಿಸಿಕೊಂಡ ಆಧಾರ ಇನ್ನೊಂದು ಸ್ಲ್ಯಾಬ್: 1930ರಲ್ಲಿ ಗೆಯೋರ್ಗ್ ಟ್ರಂಪ್ ಮಾಡಿದ ‘ಸಿಟಿ’. 1972ರಲ್ಲಿ ಅದೇ ಲಾಂಛನವನ್ನು ಎಂಟು ಅಡ್ಡಪಟ್ಟಿಗಳಾಗಿ ಸೀಳಿದ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನ ದಾರಿಯಲ್ಲಿ ದಿನಾ ಹೋಗುವವರಿಗೆ ಆ ಪಟ್ಟಿಗಳು ಚಿರಪರಿಚಿತ. ತೆಳು ಸ್ಲ್ಯಾಬ್‌ಗೆ ಇದೇ ಕಂಪನಿ ಮಾಡಿದ ಉಪಕಾರ ಮಾತ್ರ ಬೇರೆ ಕಡೆಯದು. 1955ರ ಸುಮಾರಿಗೆ ಅದರ ಉದ್ಯೋಗಿ ಹೊವರ್ಡ್ ಕೆಟ್ಲರ್ ಟೈಪ್‌ರೈಟರಿಗಾಗಿ ‘ಕೊರಿಯರ್’ ಬಿಡಿಸಿದ. ಕಂಪನಿ ಅದರ ಮೇಲೆ ಹಕ್ಕು ಸಾಧಿಸಲು ಹೋಗಲಿಲ್ಲ. ಎಲ್ಲರ ಯಂತ್ರಕ್ಕೂ ಅದು ಹಬ್ಬಿತು. ಹಾಲಿವುಡ್ಡಿನ ಚಿತ್ರಕಥೆಗಳು ಇವತ್ತಿಗೂ 12 ಪಾಯಿಂಟ್ ಕೊರಿಯರಿನಲ್ಲೇ ಬರಬೇಕು. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಅದರ ಮೇಲೆ ನಿಂತಿದೆ.

ಸೀಸದ ಕಟ್ಟು ಬಿಚ್ಚಿದ್ದು ಫೋಟೊ. ಅಕ್ಷರದ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ಫಿಲ್ಮಿನ ಮೇಲೆ ಸಾಲು ಕಟ್ಟುವ ಯಂತ್ರಗಳು ಬಂದ ಮೇಲೆ ಗೆರೆ ಮುರಿಯುವ ಭಯ ಹೋಯಿತು. 1967ರಲ್ಲಿ ಏಡ್ರಿಯನ್ ಫ್ರೂಟಿಗರ್ ತನ್ನ ‘ಯೂನಿವರ್ಸ್’ನ ಚೌಕಟ್ಟಿಗೆ ಪಾದವಿಟ್ಟು ‘ಸೆರಿಫಾ’ ಮಾಡಿದ. 1970ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಐಟಿಸಿ ಎಂಬ ಫಾಂಟ್ ಕಂಪನಿಯ ಪಾಲುದಾರ ಹರ್ಬ್ ಲುಬಾಲಿನ್ ‘ಆವಾಂ ಗಾರ್ಡ್’ ಎಂಬ ಪತ್ರಿಕೆಯ ತಲೆಬರಹಕ್ಕೆ ಬರೆದ ಅಕ್ಷರಗಳಿಂದ ಒಂದು ಪೂರ್ಣ ಫಾಂಟ್ ಬೆಳೆದಿತ್ತು. 1974ರಲ್ಲಿ ಅದಕ್ಕೂ ಪಾದ ಹಚ್ಚಿ ‘ಲುಬಾಲಿನ್ ಗ್ರಾಫ್’ ಎಂದು ಕರೆದರು. ಅದರ ‘ಎಕ್ಸ್‌ಟ್ರಾ ಲೈಟ್’ ರೂಪ ನೋಡಬೇಕು: ಪೂರ್ಣ ವೃತ್ತದ ‘ಓ’, ಅದರ ಪಕ್ಕಕ್ಕೆ ತಂತಿಯಷ್ಟು ಸಣ್ಣ ಕಂಬ, ಕಂಬದ ಕೆಳಗೆ ಅಷ್ಟೇ ಸಣ್ಣ ಪಟ್ಟಿ. ಸೀಸದ ಮೊಳೆಗಳ ನಡುವೆ ಇರಲೇಬೇಕಾದ ಸಂದು ಫಿಲ್ಮಿನಲ್ಲಿ ಬೇಕಿಲ್ಲವಾದ್ದರಿಂದ ಒಂದರ ಪಾದ ಇನ್ನೊಂದಕ್ಕೆ ಮುಟ್ಟುವಷ್ಟು ಹತ್ತಿರ ಕೂರಿಸುವ ಖಯಾಲಿಯೂ ಹುಟ್ಟಿತು. ಎಪ್ಪತ್ತರ ದಶಕದ ಅಮೆರಿಕನ್ ಜಾಹೀರಾತುಗಳಲ್ಲಿ ಅದು ವಿಪರೀತಕ್ಕೂ ಹೋಯಿತು. 1974ರಲ್ಲೇ ಐಟಿಸಿ ‘ಅಮೆರಿಕನ್ ಟೈಪ್‌ರೈಟರ್’ ಎಂಬ ಫಾಂಟನ್ನೂ ತಂದಿತು. ಟೈಪ್‌ರೈಟರಿನ ಅಕ್ಷರ, ಆದರೆ ಸಮಾನ ಅಗಲದ ಹಟ ಬಿಟ್ಟದ್ದು. ಕಚೇರಿಯ ಅಕ್ಷರಕ್ಕೆ ಸೊಗಸಿನ ಪಟ್ಟ ಕಟ್ಟಿದ್ದು ಆಗಲೇ.

ಕಂಪ್ಯೂಟರ್ ಬಂದಾಗ ಒಂದು ಎಡವಟ್ಟಾಯಿತು. ಕೊರಿಯರನ್ನು ‘ಕೊರಿಯರ್ ನ್ಯೂ’ ಎಂಬ ಹೆಸರಿನಲ್ಲಿ ಡಿಜಿಟಲ್ ಮಾಡುವಾಗ ಅಳತೆ ತೆಗೆದದ್ದು ಐಬಿಎಂ ಟೈಪ್‌ರೈಟರಿನ ಗುಂಡಿನ ಮೇಲಿನ ಅಕ್ಷರಗಳದ್ದು, ಕಾಗದದ ಮೇಲೆ ಮೂಡಿದ ಅಕ್ಷರಗಳದ್ದಲ್ಲ. ರಿಬ್ಬನ್ನಿನ ಶಾಯಿ ಸೇರಿಸುತ್ತಿದ್ದ ದಪ್ಪ ಲೆಕ್ಕಕ್ಕೇ ಬರಲಿಲ್ಲ. ಹೀಗೆ ವಿಂಡೋಸ್ ಇರುವ ಕಂಪ್ಯೂಟರುಗಳಿಗೆಲ್ಲ ಒಂದು ಸಣಕಲು ಸ್ಲ್ಯಾಬ್ ಸೇರಿಕೊಂಡಿತು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ತೆಳು ಸ್ಲ್ಯಾಬ್ ಯಾರೂ ಬೇಕೆಂದು ಮಾಡಿದ್ದಲ್ಲ. ಅಮೆರಿಕದ ವಿದೇಶಾಂಗ ಇಲಾಖೆ 2004ರ ಫೆಬ್ರವರಿವರೆಗೂ ತನ್ನ ಪತ್ರಗಳನ್ನು ಅದರಲ್ಲೇ ಬರೆಯುತ್ತಿತ್ತು. ಚಿತ್ರಕಥೆಗಾರ ಜಾನ್ ಆಗಸ್ಟ್ ಬೇಸತ್ತು, ಶಾಯಿಯ ದಪ್ಪವನ್ನು ಮರಳಿ ತುಂಬಿದ ‘ಕೊರಿಯರ್ ಪ್ರೈಮ್’ ಮಾಡಿಸಿ 2013ರಲ್ಲಿ ಬಿಟ್ಟಿಯಾಗಿ ಹಂಚಿದ.

ಕೊರಿಯರ್ ನ್ಯೂ ಏಕೆ ಕಣ್ಣಿಗೆ ಹಿತವಲ್ಲ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಂದು ಫಾಂಟಿನ ಗೆರೆ ಅಕ್ಷರದ ಅಳತೆಯ ನೂರಕ್ಕೆ ಎರಡರಷ್ಟು ಎಂದಿಟ್ಟುಕೊಳ್ಳಿ. 72 ಪಾಯಿಂಟಿನ ಶೀರ್ಷಿಕೆಯಲ್ಲಿ ಅದು ಸುಮಾರು ಅರ್ಧ ಮಿಲಿಮೀಟರ್, ನೆಟ್ಟಗೆ ಕಾಣುತ್ತದೆ. ಅದನ್ನೇ 10 ಪಾಯಿಂಟಿಗೆ ಇಳಿಸಿದರೆ 0.07 ಮಿಲಿಮೀಟರ್. ಇಂಚಿಗೆ 300 ಚುಕ್ಕಿ ಹಾಕುವ ಪ್ರಿಂಟರಿನ ಒಂದು ಚುಕ್ಕಿಯೂ ಅದಕ್ಕಿಂತ ದೊಡ್ಡದು. ತೆಳು ಫಾಂಟುಗಳನ್ನು ‘ಡಿಸ್‌ಪ್ಲೇ’ಗೆ, ಅಂದರೆ ಶೀರ್ಷಿಕೆ, ಫಲಕ, ಆಹ್ವಾನಪತ್ರಿಕೆಗೆ ಮಾತ್ರ ಎಂದು ಮಾರುವುದು ಇದೇ ಕಾರಣಕ್ಕೆ. ಕೊರಿಯರ್ ನ್ಯೂನ ಗೆರೆ ಅಷ್ಟು ತೆಳುವಲ್ಲದಿದ್ದರೂ ಅದನ್ನು ದುಡಿಸಿಕೊಂಡದ್ದು 12 ಪಾಯಿಂಟಿನಲ್ಲಿ.

ತೆಳು ಸ್ಲ್ಯಾಬ್‌ಗೆ ನಿಜವಾದ ಹೆಸರು ತಂದುಕೊಟ್ಟದ್ದು ‘ಆರ್ಚರ್’, ಆರಂಭದಲ್ಲಿ ಹೇಳಿದ ಸಿನಿಮಾದ ಹೆಸರುಪಟ್ಟಿಯ ಅಕ್ಷರ. ಅಡುಗೆ, ಕೈತೋಟ, ಮನೆ ಅಲಂಕಾರದ ಪತ್ರಿಕೆ ‘ಮಾರ್ಥಾ ಸ್ಟೂವರ್ಟ್ ಲಿವಿಂಗ್’ಗಾಗಿ ಜೊನಾಥನ್ ಹೆಫ್ಲರ್ ಮತ್ತು ಟೊಬಾಯಸ್ ಫ್ರೇರ್-ಜೋನ್ಸ್ ಅವರ ಸಂಸ್ಥೆ 2001ರಲ್ಲಿ ಇದನ್ನು ಮಾಡಿತು, 2008ರಲ್ಲಿ ಎಲ್ಲರಿಗೂ ಮಾರಾಟಕ್ಕಿಟ್ಟಿತು. ‘ಬೋಲ್ಡ್’ನಿಂದ ‘ಹೇರ್‌ಲೈನ್’ವರೆಗೆ ಎಂಟು ದಪ್ಪಗಳು. ಕೂದಲೆಳೆಯ ರೂಪವನ್ನು ದೊಡ್ಡದು ಮಾಡಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಸಣ್ಣಕ್ಷರದ ‘ಸಿ’ಯ ತುದಿಯಲ್ಲಿ, ‘ಎ’ಯ ತಲೆಯಲ್ಲಿ, ‘ಆರ್’ನ ಕೈಯಲ್ಲಿ ಒಂದೊಂದು ಪುಟ್ಟ ಗುಂಡು ಚುಕ್ಕಿ. ಈ ಚುಕ್ಕಿ ಕ್ಲಾರೆಂಡನ್ ಕಾಲದ ದಪ್ಪ ಅಕ್ಷರಗಳ ಉಳಿಕೆ, ಟೈಪ್‌ರೈಟರಿನಲ್ಲೂ ಇತ್ತು. ದಪ್ಪ ಅಕ್ಷರದಲ್ಲಿ ಅದು ಮೈಯಲ್ಲಿ ಕರಗಿಹೋಗುತ್ತದೆ, ತೆಳು ಅಕ್ಷರದಲ್ಲಿ ಮಾತ್ರ ಎದ್ದು ಕಾಣುತ್ತದೆ. ರಾಕ್‌ವೆಲ್‌ನ ಲೈಟ್ ರೂಪದ ಬಿಗುವು ಇದರಲ್ಲಿ ಸಡಿಲವಾಗಿದೆ. ವೆಲ್ಸ್ ಫಾರ್ಗೊದಂಥ ಬ್ಯಾಂಕು ಕೂಡ ತನ್ನ ಜಾಹೀರಾತಿಗೆ ಇದನ್ನೇ ಹಿಡಿಯಿತು. ಆಮೇಲೆ ಕೆಫೆಗಳು, ಬೇಕರಿಗಳು, ಮದುವೆ ಕಾರ್ಡುಗಳು. ಅತಿಯಾಗಿ ಬಳಸಿ ಅದರ ರುಚಿಯನ್ನು ಒಂದಷ್ಟು ಕೆಡಿಸಿದ್ದೂ ನಿಜ.

ಇನ್ನೊಂದು ದಿಕ್ಕಿನಲ್ಲಿ ಸ್ಲ್ಯಾಬ್ ಓದುವ ಅಕ್ಷರವಾಗಿಯೂ ಗೆದ್ದಿತು. ಅಮೆಜಾನಿನ ಕಿಂಡಲ್ 2007ರಲ್ಲಿ ಬಂದಾಗ ಅದರಲ್ಲಿದ್ದದ್ದು ಡಚ್ಚರ ಪೀಟರ್ ಮಥಾಯಸ್ ನೋರ್ಡ್‌ಸೈ ರೂಪಿಸಿದ ‘ಕೇಸಿಲಿಯಾ’. ಒರಟು ಚುಕ್ಕಿಗಳ ಬೂದು ಪರದೆಯಲ್ಲಿ ಟೈಮ್ಸ್ ರೋಮನ್ನಿನ ಚೂಪು ತುದಿಗಳು ಕಳೆದುಹೋಗುವಾಗ ಚೌಕು ಪಾದ ಉಳಿಯುತ್ತದೆ. ಅದು ಶೀರ್ಷಿಕೆಯ ತೆಳು ಅಕ್ಷರಗಳ ದಾರಿಯಲ್ಲ; ಇಲ್ಲಿಗೇ ಬಿಡೋಣ.

ತೆಳು ಸ್ಲ್ಯಾಬ್ ಬೇಕೆನ್ನುವವರು ಈಗ ಹಣ ಕೊಡಲೇಬೇಕೆಂದಿಲ್ಲ. ಮೆಕ್ಸಿಕೊದ ಸಾಂಟಿಯಾಗೊ ಒರೊಸ್ಕೊ 2010ರಲ್ಲಿ ಮಾಡಿದ ‘ಜೋಸೆಫಿನ್ ಸ್ಲ್ಯಾಬ್’ನಲ್ಲಿ ಮೆಂಫಿಸ್ ಕಾಲದ ರೇಖಾಗಣಿತವೂ ಇದೆ, ಟೈಪ್‌ರೈಟರಿನ ನೆನಪೂ ಇದೆ. ಅದರ ‘ಥಿನ್’ ರೂಪ ನಿಜಕ್ಕೂ ಚೆಂದ. ಪುಟ್ಟ ನಡುಮೈ, ಅದರ ಮೇಲೆ ನೀಳವಾಗಿ ಏಳುವ ಕಂಬಗಳು. ಗೂಗಲ್‌ನ ‘ರೊಬೊಟೊ ಸ್ಲ್ಯಾಬ್’ಗೂ ಮೊಜಿಲ್ಲಾದ ‘ಝಿಲ್ಲಾ ಸ್ಲ್ಯಾಬ್’ಗೂ ತೆಳು ರೂಪಗಳಿವೆ, ಆದರೆ ಅವು ದುಡಿಮೆಯ ಅಕ್ಷರಗಳು, ಜೋಸೆಫಿನ್ನಿನ ನಾಜೂಕು ಅವಕ್ಕಿಲ್ಲ.

ಎರಡು ಭಾಷೆಯಲ್ಲಿ ಆಹ್ವಾನಪತ್ರಿಕೆಯೋ ಪುಸ್ತಕದ ರಕ್ಷಾಪುಟವೋ ಮಾಡಿಸುವವರಿಗೆ ಒಂದು ಮಾತು. ಇಂಗ್ಲಿಷಿಗೆ ತೆಳು ಸ್ಲ್ಯಾಬ್ ಆರಿಸಿ ಕನ್ನಡಕ್ಕೆ ಡಿಟಿಪಿ ಅಂಗಡಿಯಲ್ಲಿ ಕೈಗೆ ಸಿಕ್ಕ ದಪ್ಪ ಫಾಂಟ್ ಹಾಕಿಸಬೇಡಿ; ಇಂಗ್ಲಿಷ್ ಸಾಲು ಮಾಯವಾಗಿ ಕನ್ನಡ ಸಾಲು ಕೂಗಿದಂತಾಗುತ್ತದೆ. ಕನ್ನಡಕ್ಕೆ ಪಾದ ಅಂಟಿಸಿ ‘ಸ್ಲ್ಯಾಬ್’ ಮಾಡಲು ಹೊರಡುವುದೂ ಬೇಡ, ಹೊಂದಬೇಕಾದದ್ದು ಗೆರೆಯ ದಪ್ಪ. ಮುಂಬಯಿಯ ಎಕ್ ಟೈಪ್ ತಂಡ 2022ರಲ್ಲಿ ಹೊರತಂದ ‘ಅನೇಕ್ ಕನ್ನಡ’ದಲ್ಲಿ ‘ಥಿನ್’ನಿಂದ ‘ಎಕ್ಸ್‌ಟ್ರಾ ಬೋಲ್ಡ್’ವರೆಗೆ ದಪ್ಪಗಳಿವೆ, ‘ನೋಟೊ ಸ್ಯಾನ್ಸ್ ಕನ್ನಡ’ದಲ್ಲೂ ‘ಥಿನ್’ ಇದೆ. ಜೋಸೆಫಿನ್ ಸ್ಲ್ಯಾಬ್ ಪಕ್ಕದಲ್ಲಿ ಇವುಗಳಲ್ಲಿ ಒಂದನ್ನು ದೊಡ್ಡ ಅಳತೆಯಲ್ಲಿ ಕೂರಿಸಿ, ಅಚ್ಚಿಗೆ ಕಳಿಸುವ ಮುಂಚೆ ನಿಜವಾದ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ನೋಡಿ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.